ಡಿಕ್ಲೇರ್ಡ್ ವ್ಯಾಲ್ಯೂ ಇದ್ದ ಮಾತ್ರಕ್ಕೆ ಇನ್ಶೂರೆನ್ಸ್ ಇದೆ ಅಂತಲ್ಲ

ಹಳೆಯ ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು) ಮಾರುವವರ ಜಾಹೀರಾತುಗಳಲ್ಲಿ ಒಂದು ಸಾಲು ಪದೇ ಪದೇ ಕಾಣಿಸುತ್ತದೆ. "ಯುಪಿಎಸ್‌ನಲ್ಲಿ ಕಳಿಸುತ್ತೇನೆ, 800 ಡಾಲರ್‌ಗೆ ಫುಲ್ಲಿ ಇನ್ಶೂರ್ಡ್." ಯುಪಿಎಸ್ ಅಂದರೆ ಅಮೆರಿಕದ ಒಂದು ಪಾರ್ಸೆಲ್ ಕಂಪನಿ. ಅಮೆರಿಕದಲ್ಲಿರುವ ನಮ್ಮವರೂ ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಹೀಗೇ ಬರೆಯುತ್ತಾರೆ. ಬೆಂಗಳೂರಿನ ಪಾರ್ಸೆಲ್ ಆಫೀಸಿನಿಂದ ರಸೀದಿ ಹಿಡಿದು ಬಂದವರೂ "ವ್ಯಾಲ್ಯೂ ಬರೆಸಿದ್ದೀನಿ, ಇನ್ಶೂರೆನ್ಸ್ ಆಯ್ತು" ಅನ್ನುತ್ತಾರೆ. ಈ ವಾರ ಅದೇ ಮಾತು ಮತ್ತೆ ಕಣ್ಣಿಗೆ ಬಿತ್ತು, ಹಾಗಾಗಿ ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಇನ್ಶೂರೆನ್ಸ್ ತೆಗೆದುಕೊಂಡಿರುವುದಿಲ್ಲ. ಡಿಕ್ಲೇರ್ಡ್ ವ್ಯಾಲ್ಯೂ ಬರೆಸಿರುತ್ತಾರೆ, ಅಷ್ಟೇ.

ಡಿಕ್ಲೇರ್ಡ್ ವ್ಯಾಲ್ಯೂ ಅಂದರೆ ಸಾಗಣೆ ಕಂಪನಿಯ ಹೊಣೆಗೆ ಹಾಕಿದ ಮಿತಿ. ಮಾಲು ಕಳೆದುಹೋದರೆ, ಮುರಿದರೆ, ಮತ್ತು ಅದು ಕಂಪನಿಯ ಹೊಣೆ ಅಂತ ಸಾಬೀತಾದರೆ, ಹೆಚ್ಚೆಂದರೆ ಎಷ್ಟು ಕೊಡಬೇಕು ಅನ್ನುವ ಅಂಕಿ. ನೀವು ಏನೂ ಬರೆಯದಿದ್ದರೆ ಫೆಡೆಕ್ಸ್, ಯುಪಿಎಸ್ ಎರಡರಲ್ಲೂ ಅಮೆರಿಕದೊಳಗಿನ ಪಾರ್ಸೆಲ್‌ಗೆ ಆ ಮಿತಿ 100 ಡಾಲರ್. ಜಾಸ್ತಿ ಬರೆದರೆ ಜಾಸ್ತಿ ಶುಲ್ಕ, ಮಿತಿಯೂ ಮೇಲೇರುತ್ತದೆ. ನಾವು ಇನ್ಶೂರೆನ್ಸ್ ಕೊಡುವುದಿಲ್ಲ ಎಂದು ಫೆಡೆಕ್ಸ್ ತನ್ನ ಷರತ್ತುಗಳಲ್ಲೇ ಹೇಳಿಕೊಂಡಿದೆ. ಕಂಪನಿಯೇ ಅಲ್ಲ ಅಂದಿದ್ದನ್ನು ಮಾರುವವರು ಹೌದು ಅಂತ ಬರೆದರೆ ಕೊಳ್ಳುವವರು ಮೋಸ ಹೋಗುತ್ತಾರೆ, ಅಲ್ವಾ?

ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ವಿಮಾ ಕಂಪನಿ ಅಂತ ಬೇರೊಬ್ಬರು ಇರುತ್ತಾರೆ, ಪಾಲಿಸಿ ಇರುತ್ತದೆ, ನಷ್ಟ ತುಂಬಿಕೊಡುವುದೇ ಅವರ ಕೆಲಸ. ಡಿಕ್ಲೇರ್ಡ್ ವ್ಯಾಲ್ಯೂನಲ್ಲಿ ಬೇರೆ ಯಾರೂ ಇಲ್ಲ. ನಿಮ್ಮ ಮಾಲು ಒಡೆದದ್ದು ಯಾರ ಕೈಯಲ್ಲೋ, ನಿಮ್ಮ ದೂರನ್ನು ತೂಗಿ ನೋಡುವವರೂ ಅವರೇ, ದುಡ್ಡು ಹೋಗುವುದೂ ಅವರದೇ ಜೇಬಿನಿಂದ.

ಈ ಗೊಂದಲ ಎಲ್ಲಿಂದ ಬಂತು ಅನ್ನುವುದು ಹಳೆಯ ಕತೆ, ಮತ್ತು ತುಂಬಾ ಸ್ವಾರಸ್ಯದ್ದು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಬಾಡಿಗೆಗೆ ಮಾಲು ಸಾಗಿಸುವವನ ಹೊಣೆ ಬಹಳ ದೊಡ್ಡದು. ದೈವಿಕ ಅವಘಡ ಅಥವಾ ರಾಜನ ಶತ್ರುಗಳ ಕೈವಾಡ ಬಿಟ್ಟರೆ ಉಳಿದ ಹೆಚ್ಚುಕಮ್ಮಿ ಎಲ್ಲಾ ನಷ್ಟಕ್ಕೂ ಅವನೇ ಜವಾಬ್ದಾರ. ಅಂದರೆ ಆ ಕಾಲದಲ್ಲಿ ಸಾಗಿಸುವವನು ನಿಜಕ್ಕೂ ವಿಮೆದಾರನ ಹಾಗೇ ಇದ್ದ. ಕುದುರೆ ಗಾಡಿಯ ಕಂಪನಿಗಳಿಗೆ ಇದು ಕಷ್ಟವಾಯಿತು. ಸಣ್ಣ ಪೊಟ್ಟಣ, ಎರಡು ಕಾಸಿನ ಬಾಡಿಗೆ, ಒಳಗೆ ನೋಡಿದರೆ ಚಿನ್ನದ ಗಡಿಯಾರ! ಹೊಣೆ ಕಡಿಮೆ ಮಾಡಿಕೊಳ್ಳಲು ಅವರು ಆಫೀಸಿನ ಗೋಡೆಗೆ ನೋಟಿಸ್ ಅಂಟಿಸತೊಡಗಿದರು, ಅದನ್ನು ಗಿರಾಕಿ ಓದಿದ್ದನೋ ಇಲ್ಲವೋ ಅಂತ ಕೋರ್ಟುಗಳಲ್ಲಿ ಜಗಳ ನಡೆಯಿತು. ಕೊನೆಗೆ 1830ರಲ್ಲಿ ಕ್ಯಾರಿಯರ್ಸ್ ಆಕ್ಟ್ ಬಂತು. ಚಿನ್ನ, ಬೆಳ್ಳಿ, ಗಡಿಯಾರ, ಗಾಜು, ರೇಷ್ಮೆಯಂಥ ವಸ್ತುಗಳ ಬೆಲೆ 10 ಪೌಂಡ್ ದಾಟಿದರೆ ಅದನ್ನು ಮೊದಲೇ ಹೇಳಬೇಕು, ಕೇಳಿದ ಹೆಚ್ಚುವರಿ ದರ ಕೊಡಬೇಕು. ಹೇಳದಿದ್ದರೆ ಕಳೆದುಹೋದಾಗ ಕೇಳುವ ಹಾಗಿಲ್ಲ.

"ಡಿಕ್ಲೇರ್" ಅನ್ನುವ ಮಾತಿನ ಬೇರು ಇಲ್ಲಿದೆ. ಒಳಗೆ ಏನಿದೆ, ಎಷ್ಟು ಬೆಲೆಯದು ಅಂತ ಸಾಗಿಸುವವನಿಗೆ ಬಾಯಿಬಿಟ್ಟು ಹೇಳುವುದು. ನಮ್ಮಲ್ಲೂ 1865ರಲ್ಲಿ ಇದೇ ಹೆಸರಿನ ಕಾಯ್ದೆ ಬಂತು, ಮಿತಿ 100 ರೂಪಾಯಿ. ಅದು ನೂರನಲವತ್ತು ವರ್ಷಕ್ಕಿಂತ ಜಾಸ್ತಿ ಬದುಕಿತ್ತು. ಅದರ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯ್ದೆ ಬಂತು.

ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ಪ್ರಕರಣ ನನಗೆ ಬಹಳ ಇಷ್ಟ. ಹಾರ್ಟ್ ಎಂಬಾತ ಜರ್ಸಿ ಸಿಟಿಯಿಂದ ಸೇಂಟ್ ಲೂಯಿಸ್‌ಗೆ ರೈಲಿನಲ್ಲಿ ಕುದುರೆಗಳನ್ನು ಕಳಿಸಿದ. ಒಂದೊಂದಕ್ಕೆ 200 ಡಾಲರ್ ಮಿತಿ ಅಂತ ಒಪ್ಪಿ ಸಹಿ ಹಾಕಿದ್ದ. ದಾರಿಯಲ್ಲಿ ರೈಲ್ವೆಯ ತಪ್ಪಿನಿಂದ ಸತ್ತ ಕುದುರೆ 15,000 ಡಾಲರ್ ಬಾಳುತ್ತಿತ್ತು ಅಂತ ವಾದಿಸಿದ. 1884ರಲ್ಲಿ ಕೋರ್ಟು ಹೇಳಿದ್ದು: ಕಡಿಮೆ ಬೆಲೆ ಒಪ್ಪಿ ಕಡಿಮೆ ದರದಲ್ಲಿ ಕಳಿಸಿದ ಮೇಲೆ, ನಷ್ಟವಾದಾಗ ದೊಡ್ಡ ಬೆಲೆ ಹೇಳುವ ಹಾಗಿಲ್ಲ. 1913ರ ಪ್ರಕರಣದಲ್ಲಿ ಕಳೆದುಹೋದದ್ದು ವಜ್ರದ ಉಂಗುರ, ಬೆಲೆ 137 ಡಾಲರ್ ಚಿಲ್ಲರೆ. ಬೆಲೆ ಹೇಳಿರಲಿಲ್ಲ, ರಸೀದಿಯ ಮಿತಿ 50 ಡಾಲರ್. ಆ 50 ಡಾಲರ್ ಮಿತಿಯನ್ನೇ ಕೋರ್ಟು ಎತ್ತಿಹಿಡಿಯಿತು. ಇವತ್ತಿನ 100 ಡಾಲರ್ ಅದೇ ಸಾಲಿನ ಮೊಮ್ಮಗ.

ಈಗ ಕ್ಲಬ್ ವಿಷಯಕ್ಕೆ ಬರೋಣ. ಗೊಂದಲದ ಬೆಲೆ ಗೊತ್ತಾಗುವುದೇ ಇಲ್ಲಿ.

ಐರನ್ ಸೆಟ್ (ಲೋಹದ ಹೆಡ್ ಇರುವ, ನಂಬರ್ ಹಾಕಿದ ಕ್ಲಬ್‌ಗಳ ಗುಂಪು) ಒಂದನ್ನು 650 ಡಾಲರ್‌ಗೆ ಮಾರಿದ್ದೀರಿ ಅಂದುಕೊಳ್ಳಿ. ಹೊಸದರಲ್ಲಿ 1,200 ಕೊಟ್ಟಿದ್ದಿರಿ, ಆದ್ದರಿಂದ 1,200 ಅಂತ ಬರೆಸುತ್ತೀರಿ. ಶುಲ್ಕ 1,200ರ ಲೆಕ್ಕದಲ್ಲಿ ಹೋಗುತ್ತದೆ. ಸೆಟ್ ಪೂರ್ತಿ ಕಳೆದುಹೋದರೂ ಕೈಗೆ ಬರುವುದು ಹೆಚ್ಚೆಂದರೆ 650, ಏಕೆಂದರೆ ಮಾಲಿನ ನಿಜವಾದ ಬೆಲೆ ಅಷ್ಟೇ, ಅದಕ್ಕೆ ಸಾಕ್ಷಿ ನಿಮ್ಮದೇ ಮಾರಾಟದ ಬಿಲ್. ಇನ್ನು ಅದರಲ್ಲಿ 7 ನಂಬರಿನ ಐರನ್‌ನ ಶಾಫ್ಟ್, ಅಂದರೆ ಉದ್ದನೆಯ ಕೋಲಿನ ಭಾಗ, ಮಾತ್ರ ಮುರಿದಿದ್ದರೆ? ಹೊಸ ಶಾಫ್ಟ್ ಹಾಕಿಸುವ ಖರ್ಚು ಕೊಡುತ್ತಾರೆ, ಸೆಟ್‌ನ ದುಡ್ಡಲ್ಲ. ಬರೆಸಿದ ಅಂಕಿ ಮೇಲಿನ ಗಡಿ. ಅದನ್ನು ಕೈಗೆ ಬರುವ ಮೊತ್ತ ಅಂದುಕೊಂಡವರೇ ಆಮೇಲೆ ಅತಿ ಜೋರಾಗಿ ಕೂಗಾಡುತ್ತಾರೆ.

ಕಂಪನಿ ತಪ್ಪಿಸಿಕೊಳ್ಳುವ ಇನ್ನೊಂದು ದೊಡ್ಡ ಬಾಗಿಲು ಪ್ಯಾಕಿಂಗ್. ಸರಿಯಾಗಿ ಪ್ಯಾಕ್ ಮಾಡಿಲ್ಲ ಅಂತ ಕಂಡರೆ ಡಿಕ್ಲೇರ್ಡ್ ವ್ಯಾಲ್ಯೂ 5,000 ಇದ್ದರೂ ಕ್ಲೇಮ್ ತಿರಸ್ಕಾರ. ಗಾಲ್ಫ್ ಕ್ಲಬ್ ಈ ವಿಷಯದಲ್ಲಿ ಬಹಳ ಕಷ್ಟದ ಮಾಲು. ಉದ್ದ ಮೂರು ಅಡಿ ಆಸುಪಾಸು, ಡ್ರೈವರ್ ಅನ್ನುವ ಅತಿ ಉದ್ದದ ಕ್ಲಬ್ ಆದರೆ ಮೂರೂವರೆ ಅಡಿ ಮೇಲೆ, ಭಾರವೆಲ್ಲ ಒಂದೇ ತುದಿಯಲ್ಲಿ. ಉದ್ದನೆಯ ಪೆಟ್ಟಿಗೆ ತುದಿಯ ಮೇಲೆ ಬಿದ್ದರೆ ಐರನ್ ಹೆಡ್‌ಗಳು ಸುತ್ತಿಗೆಯ ಹಾಗೆ ಕೆಳಗಿನ ರಟ್ಟನ್ನು ಬಡಿಯುತ್ತವೆ, ಟೇಪ್ ಸೀಳುತ್ತದೆ, ಒಂದೊಂದು ಹೆಡ್ ಹೊರಗೆ ಇಣುಕುತ್ತದೆ. ಗ್ರಾಫೈಟ್ ಶಾಫ್ಟ್ ಆದರೆ ಹೋಸೆಲ್‌ನ (ಶಾಫ್ಟ್ ಸೇರುವ ಹೆಡ್‌ನ ಕೊಳವೆ) ಮೇಲೆ, ಕಪ್ಪು ಫೆರೂಲ್ (ಆ ಜೋಡಣೆಯ ಉಂಗುರ) ಮುಗಿಯುವ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು. ಬೆರಳಿಟ್ಟು ತಿರುಗಿಸಿದಾಗಲೇ ಗೊತ್ತಾಗುತ್ತದೆ. ಕೊಂಡವನು ಮೊದಲ ಡ್ರೈವ್ ಹೊಡೆದಾಗ ಹೆಡ್ ಚೆಂಡಿನ ಜೊತೆ ಹಾರಿಹೋದರೆ, ಅದು ಸಾಗಣೆಯಲ್ಲಿ ಆದದ್ದು ಅಂತ ಯಾರು ಸಾಬೀತು ಮಾಡಬೇಕು? ಕಳಿಸಿದ ನೀವೇ.

ಹಾಗಾಗಿ ಹೆಡ್‌ಗಳಿಗೆ ಕವರ್ ಹಾಕಿ, ಒಂದಕ್ಕೊಂದು ತಾಗದಂತೆ ಬಬಲ್ ರ‍್ಯಾಪ್ ಸುತ್ತಿ, ಶಾಫ್ಟ್‌ಗಳನ್ನು ಒಟ್ಟಿಗೆ ಕಟ್ಟಿ, ಪೆಟ್ಟಿಗೆಯ ಎರಡೂ ತುದಿಗೆ ಎರಡೆರಡು ಪದರ ರಟ್ಟು ಕೊಡಿ. ಕುಲುಕಿದಾಗ ಸದ್ದು ಬರಬಾರದು. ಹೆಡ್ ಬಿಚ್ಚಬಹುದಾದ ಡ್ರೈವರ್ ಆದರೆ ಟಾರ್ಕ್ ವ್ರೆಂಚ್‌ನಿಂದ ಬಿಚ್ಚಿಯೇ ಕಳಿಸಿ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಅಂದಹಾಗೆ ಪೆಟ್ಟಿಗೆ 48 ಇಂಚಿನ ಒಳಗಿರಲಿ, ಅದನ್ನು ದಾಟಿದರೆ ಯುಪಿಎಸ್‌ನಲ್ಲಿ ಹೆಚ್ಚುವರಿ ನಿರ್ವಹಣೆ ಶುಲ್ಕ ಬೀಳುತ್ತದೆ. ಕೊಂಡವರಿಗೂ ಒಂದು ಮಾತು: ಮುರಿದಿದ್ದರೆ ಪೆಟ್ಟಿಗೆ ಎಸೆಯಬೇಡಿ. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು.

ಹಿಕರಿ ಮರದ ಶಾಫ್ಟ್ ಇರುವ ಹಳೆಯ ಕ್ಲಬ್ ಮಾರುವವರು ಇನ್ನೂ ಹುಷಾರಾಗಿರಬೇಕು. ಗಾಲ್ಫ್ ನಿಯಮಗಳನ್ನು ರೂಪಿಸುವ ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆ ಉಕ್ಕಿನ ಶಾಫ್ಟ್‌ಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ, ಅಂದರೆ ಹಿಕರಿ ಕ್ಲಬ್‌ಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೆಯವು. ಇಂಥದ್ದನ್ನು ಸಾಗಣೆ ಕಂಪನಿ ಪುರಾತನ ವಸ್ತು ಅಂತ ಪರಿಗಣಿಸಬಹುದು. ಫೆಡೆಕ್ಸ್‌ನಲ್ಲಿ ಪುರಾತನ ವಸ್ತು, ಕಲಾಕೃತಿ, ಒಡವೆಯಂಥವಕ್ಕೆ ಡಿಕ್ಲೇರ್ಡ್ ವ್ಯಾಲ್ಯೂ ಮಿತಿ 1,000 ಡಾಲರ್. 3,000 ಅಂತ ಬರೆಸಿಬಿಟ್ಟರೆ ಹೊಣೆ ಮೂರು ಸಾವಿರಕ್ಕೆ ಏರುವುದಿಲ್ಲ.

ಹಾಗಾದರೆ ಇನ್ಶೂರ್ಡ್ ಅನ್ನುವ ಪದ ಎಲ್ಲಿ ಸರಿ? ಅಮೆರಿಕದ ಅಂಚೆ, ಅಂದರೆ ಯುಎಸ್‌ಪಿಎಸ್‌ನಲ್ಲಿ ಸರಿ. ಅವರು ಮಾರುವುದನ್ನು ಇನ್ಶೂರೆನ್ಸ್ ಅಂತಲೇ ಕರೆಯುತ್ತಾರೆ, ಪ್ರಯಾರಿಟಿ ಮೇಲ್ ಅನ್ನುವ ಸೇವೆಯಲ್ಲಿ 100 ಡಾಲರ್ ಸೇರಿಯೇ ಇರುತ್ತದೆ, 5,000 ಡಾಲರ್‌ವರೆಗೆ ಕೊಳ್ಳಬಹುದು. ಬೇರೆ ವಿಮಾ ಕಂಪನಿಯಿಂದ ಪಾರ್ಸೆಲ್ ಪಾಲಿಸಿ ತೆಗೆದುಕೊಂಡರೂ ಸರಿ. ಆಗ ಪಾಲಿಸಿಯಲ್ಲಿ "ಬಳಸಿದ ಕ್ರೀಡಾ ಸಾಮಗ್ರಿ" ಸೇರಿದೆಯೋ ಇಲ್ಲವೋ ಓದಿಕೊಳ್ಳಿ. ಉಳಿದ ಕಡೆ "800 ಡಾಲರ್ ಡಿಕ್ಲೇರ್ಡ್" ಅಂತ ಬರೆಯಿರಿ. ಕೊಳ್ಳುವವನಿಗೆ ನಿಜ ಗೊತ್ತಾಗುತ್ತದೆ. ಹೇಗಿದ್ದರೂ ಇಬೇಯಲ್ಲಿ ಮಾಲು ಮುರಿದು ತಲುಪಿದರೆ ದುಡ್ಡು ವಾಪಸ್ ಮಾಡಬೇಕಾದವರು ಮಾರಿದವರೇ. ಕ್ಲೇಮ್ ಒಪ್ಪಿದರೂ ಬಿಟ್ಟರೂ ಅದು ಮಾರಿದವರ ಮತ್ತು ಸಾಗಣೆ ಕಂಪನಿಯ ನಡುವಿನ ವ್ಯವಹಾರ.

ಭಾರತಕ್ಕೆ ಕಳಿಸುವವರು ಮಾಡುವ ತಪ್ಪು ಇನ್ನೊಂದು ಬಗೆಯದು. ನ್ಯೂಜೆರ್ಸಿಯಿಂದ ಬೆಂಗಳೂರಿನ ಭಾವನಿಗೆ ಸೆಟ್ ಕಳಿಸುವಾಗ ಸುಂಕ ಉಳಿಸಲು "50 ಡಾಲರ್" ಅಂತ ಬರೆಯುತ್ತಾರೆ. ವಿಮಾನ ಸರಕಿನ ಏರ್‌ವೇ ಬಿಲ್ ನೋಡಿದ್ದೀರಾ? ಅದರಲ್ಲಿ ಬೇರೆ ಬೇರೆ ಮೂರು ಮನೆಗಳಿವೆ. ಒಂದು ಸಾಗಣೆಗಾಗಿ ಡಿಕ್ಲೇರ್ಡ್ ವ್ಯಾಲ್ಯೂ, ಒಂದು ಕಸ್ಟಮ್ಸ್‌ಗಾಗಿ ಡಿಕ್ಲೇರ್ಡ್ ವ್ಯಾಲ್ಯೂ, ಇನ್ನೊಂದು ಇನ್ಶೂರೆನ್ಸ್ ಮೊತ್ತ. ಮೂರೂ ಒಂದೇ ಆಗಿದ್ದರೆ ಮೂರು ಮನೆ ಯಾಕೆ ಇರುತ್ತಿತ್ತು? ಸಾಗಣೆಯ ಮನೆಯಲ್ಲಿ ಸಾಮಾನ್ಯವಾಗಿ ಎನ್‌ವಿಡಿ ಅಂತ ಇರುತ್ತದೆ, ಬೆಲೆ ಘೋಷಿಸಿಲ್ಲ ಅಂತ ಅರ್ಥ. ಆಗ ಅಂತರರಾಷ್ಟ್ರೀಯ ವಿಮಾನ ಸಾಗಣೆಯ ಮಾಂಟ್ರಿಯಲ್ ಒಪ್ಪಂದದ ಮಿತಿ ಬರುತ್ತದೆ, ಕಿಲೋಗೆ 26 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ). ಬ್ಯಾಗ್ ಸಮೇತ 12 ಕಿಲೋ ಸೆಟ್ ಅಂದರೆ 312 ಎಸ್‌ಡಿಆರ್, 400 ಡಾಲರ್‌ಗಿಂತ ಸ್ವಲ್ಪ ಮೇಲೆ. ಕ್ಲಬ್‌ಗಳ ಬೆಲೆ 2,000 ಇದ್ದರೂ ಲೆಕ್ಕ ತೂಕದ ಮೇಲೇ. ಕಸ್ಟಮ್ಸ್‌ಗೆ ಸುಳ್ಳು ಬೆಲೆ ಬರೆಯುವುದು ಮೊದಲೇ ಅಪರಾಧ, ಮೇಲಿಂದ ಮಾಲು ಕಳೆದಾಗ ನಿಮ್ಮ ಕೈಬರಹದ 50 ಡಾಲರ್ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ದೇಶದೊಳಗಿನ ಸಾಗಣೆಯಲ್ಲೂ ಹೀಗೇ. ಬೆಂಗಳೂರಿನಿಂದ ಮೈಸೂರಿಗೋ ಚಿಕ್ಕಮಗಳೂರಿಗೋ ಲಾರಿ ಪಾರ್ಸೆಲ್‌ನಲ್ಲಿ ಸೆಟ್ ಹಾಕಿದರೆ ರಸೀದಿಯ ಮೇಲೆ "ಓನರ್ಸ್ ರಿಸ್ಕ್" (ನಷ್ಟ ಮಾಲೀಕರದ್ದೇ) ಅನ್ನುವ ಸೀಲ್ ಇದೆಯಾ ನೋಡಿ. 2007ರ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯ ದರ ಕೊಡದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟು ಮಾತ್ರ, ಅದೂ ನೀವು ಬರೆಸಿದ ಬೆಲೆ ದಾಟದಂತೆ. 500 ರೂಪಾಯಿ ಬಾಡಿಗೆ ಕೊಟ್ಟರೆ 5,000. ನಲವತ್ತು ಸಾವಿರದ ಸೆಟ್ ಅಂತ ರಸೀದಿಯಲ್ಲಿ ಸುಮ್ನೆ ಬರೆಸಿದ್ದರಿಂದ ಅದು ಬದಲಾಗುವುದಿಲ್ಲ, ಹೆಚ್ಚಿನ ದರವನ್ನು ಕೇಳಿ ಕೊಟ್ಟಿರಬೇಕು. ಸಣ್ಣ ಅಕ್ಷರ ಓದಲಿಲ್ಲ ಅನ್ನುವ ವಾದವೂ ಸುಲಭಕ್ಕೆ ನಡೆಯುವುದಿಲ್ಲ. ಜರ್ಮನಿಗೆ ಕಳಿಸಿದ ದಾಖಲೆ ಪತ್ರಗಳು ಸಮಯಕ್ಕೆ ತಲುಪದ ಭಾರತಿ ನಿಟ್ಟಿಂಗ್ ಪ್ರಕರಣದಲ್ಲಿ, ಸಹಿ ಮಾಡಿದ ಕೊರಿಯರ್ ರಸೀದಿಯ 100 ಡಾಲರ್ ಮಿತಿಯನ್ನೇ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿಯಿತು.

ಮುಂದಿನ ಸಲ ಯಾರಾದರೂ "ಫುಲ್ಲಿ ಇನ್ಶೂರ್ಡ್" ಅಂತ ಬರೆದರೆ ಒಂದೇ ಪ್ರಶ್ನೆ ಕೇಳಿ: ವಿಮಾ ಕಂಪನಿ ಯಾವುದು, ಪಾಲಿಸಿ ನಂಬರ್ ಎಷ್ಟು? ಹೆಸರು ಬಂದರೆ ಸರಿ. ಅಂಚೆಯದಲ್ಲದ ಟ್ರ್ಯಾಕಿಂಗ್ ನಂಬರ್ ಬಂದರೆ, ಅದು ಡಿಕ್ಲೇರ್ಡ್ ವ್ಯಾಲ್ಯೂ.