ಫಿಟ್ಸ್‌ಗೆ ಬೆಣ್ಣೆ, ತುಪ್ಪದ ಪಥ್ಯ: ನೂರು ವರ್ಷದ ಕಥೆ

ಮಗುವಿಗೆ ಫಿಟ್ಸ್. ಎರಡು ಮೂರು ಔಷಧಿ ಬದಲಾಯಿಸಿದರೂ ನಿಂತಿಲ್ಲ. ಆಗ ಡಾಕ್ಟರು ‘ಕೀಟೋ ಪಥ್ಯ ಮಾಡಿ ನೋಡೋಣ’ ಎಂದರೆ ಮನೆಯವರಿಗೆ ಗಲಿಬಿಲಿ. ಅದು ತೂಕ ಇಳಿಸೋರು ಮಾಡೋದು ಅಲ್ವಾ? ಆದರೆ ಈ ಪಥ್ಯ ಹುಟ್ಟಿದ್ದೇ ಮೂರ್ಛೆ ರೋಗಕ್ಕಾಗಿ.

ಉಪವಾಸವಿದ್ದರೆ ಫಿಟ್ಸ್ ಕಡಿಮೆಯಾಗುತ್ತದೆ ಎಂದು ಹಳೇ ಗ್ರೀಕರ ಕಾಲದಿಂದಲೂ ಗೊತ್ತಿತ್ತು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವೋದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ದಾರಿ ಹುಡುಕಿದರು. ಉಪವಾಸದಲ್ಲಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತದೆ. ಮಿದುಳಿಗೆ ಗ್ಲೂಕೋಸ್ ಬದಲು ಅದೇ ಆಹಾರವಾಗುತ್ತದೆ. ಊಟದಲ್ಲಿ ಕೊಬ್ಬು ಜಾಸ್ತಿ ಮಾಡಿ, ಅನ್ನ ಸಕ್ಕರೆ ತೆಗೆದರೂ ಹಾಗೇ ಆಗಬೇಕಲ್ಲ ಎಂಬುದು ಅವರ ಲೆಕ್ಕ. ಅಲ್ಲಿನವರೇ ಆದ ಪೀಟರ್‌ಮನ್ ಅಳತೆ ಕಟ್ಟಿದರು. ಮಗುವಿನ ಕಿಲೋ ತೂಕಕ್ಕೆ 1 ಗ್ರಾಂ ಪ್ರೋಟೀನ್, ದಿನಕ್ಕೆ 10ರಿಂದ 15 ಗ್ರಾಂ ಕಾರ್ಬೋಹೈಡ್ರೇಟ್, ಉಳಿದದ್ದೆಲ್ಲ ಕೊಬ್ಬು.

1938ರಲ್ಲಿ ಫೆನಿಟಾಯಿನ್ ಎಂಬ ಫಿಟ್ಸ್ ಮಾತ್ರೆ ಬಂತು. ಮಾತ್ರೆ ನುಂಗಿದರೆ ಮುಗೀತು ಎನ್ನುವಾಗ ತಕ್ಕಡಿ ಹಿಡಿದು ಬೆಣ್ಣೆ ತೂಗುವವರು ಯಾರು? ಪಥ್ಯ ಮೂಲೆಗೆ ಸರಿಯಿತು. ಗುಣ ಇಲ್ಲ ಅಂತಲ್ಲ, ಕಷ್ಟ ಅಂತ. 1971ರಲ್ಲಿ ತೆಂಗಿನೆಣ್ಣೆಯಿಂದ ತೆಗೆಯುವ, ಬೇಗ ಕೀಟೋನ್ ಆಗುವ ಎಂಸಿಟಿ ಎಂಬ ಎಣ್ಣೆಯ ಪಥ್ಯ ಬಂದರೂ ಹೆಚ್ಚು ಬದಲಾಗಲಿಲ್ಲ. ಜಾನ್ಸ್ ಹಾಪ್ಕಿನ್ಸ್‌ನಂಥ ಕೆಲವೇ ಆಸ್ಪತ್ರೆಗಳಲ್ಲಿ ಅದು ಉಳಿದಿತ್ತು.

1993ರಲ್ಲಿ ಸಿನಿಮಾ ನಿರ್ದೇಶಕ ಜಿಮ್ ಅಬ್ರಹಾಮ್ಸ್ ತಮ್ಮ ಪುಟ್ಟ ಮಗ ಚಾರ್ಲಿಯನ್ನು ಜಾನ್ಸ್ ಹಾಪ್ಕಿನ್ಸ್‌ಗೆ ಕರೆದೊಯ್ದರು. ಹಲವು ಔಷಧಿ, ಮಿದುಳಿನ ಆಪರೇಷನ್ ಎಲ್ಲ ಆಗಿತ್ತು. ಈ ಪಥ್ಯದ ವಿಷಯ ಅವರಿಗೆ ಸಿಕ್ಕಿದ್ದು ತಾವೇ ಲೈಬ್ರರಿಯಲ್ಲಿ ಹುಡುಕಿದಾಗ. ಡಾ. ಜಾನ್ ಫ್ರೀಮನ್, ಡಯಟಿಷಿಯನ್ ಮಿಲಿಸೆಂಟ್ ಕೆಲ್ಲಿ ಸೇರಿ ಪಥ್ಯ ಶುರು ಮಾಡಿದರು. ಕೆಲವೇ ದಿನಗಳಲ್ಲಿ ಫಿಟ್ಸ್ ನಿಂತಿತು. ದಶಕಗಳ ಕಾಲ ಗ್ರಾಂ ಲೆಕ್ಕ ಬರೆದುಕೊಟ್ಟು ಈ ವಿದ್ಯೆ ಉಳಿಸಿದ ಕೆಲ್ಲಿಯವರನ್ನು ನೆನೆಯದೆ ಈ ಕಥೆ ಹೇಳಬಾರದು ಅನ್ನಿಸುತ್ತದೆ.

ಆದರೂ ಡಾಕ್ಟರುಗಳಿಗೆ ಬೇಕಾದ ಗಟ್ಟಿ ಪುರಾವೆ ಬರಲು 2008 ಆಗಬೇಕಾಯಿತು. ಲಂಡನ್‌ನಲ್ಲಿ 145 ಮಕ್ಕಳ ಮೇಲೆ ನಡೆದ ಪರೀಕ್ಷೆ ಅದು. ಮೂರು ತಿಂಗಳಲ್ಲಿ ಪಥ್ಯದ ಗುಂಪಿನ ಶೇ. 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಪಥ್ಯ ಇಲ್ಲದ ಇನ್ನೊಂದು ಗುಂಪಿನಲ್ಲಿ ಶೇ. 6 ಮಾತ್ರ. ಎಲ್ಲರಿಗೂ ಹಿಡಿಸಲಿಲ್ಲ, ನಿಜ. ಆದರೆ ಔಷಧಿಗೆ ಬಗ್ಗದ ಫಿಟ್ಸ್‌ನಲ್ಲಿ ಅದು ಸಣ್ಣ ಮಾತಲ್ಲ.

ನಮ್ಮ ಅಡುಗೆಮನೆಗೆ ಬಂದರೆ ಕಷ್ಟ ಬೇರೆ ತರಹ. ಊಟ ತೂಗುವ ಬಿಗಿ ಸಡಿಲಿಸಿದ ‘ಮಾರ್ಪಡಿಸಿದ ಆಟ್ಕಿನ್ಸ್’ ಎಂಬ ಪಥ್ಯದಲ್ಲೂ ಮಕ್ಕಳಿಗೆ ಮೊದಲು ದಿನಕ್ಕೆ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ಅಷ್ಟೇ. ಒಂದು ಇಡ್ಲಿಗೇ ಹೆಚ್ಚುಕಡಿಮೆ ಅದು ಮುಗಿಯುತ್ತದೆ. ಮುದ್ದೆಯ ಮಾತೇ ಬೇಡ. ಮೊಟ್ಟೆ, ಪನೀರ್, ತೆಂಗಿನಕಾಯಿ, ಬೆಣ್ಣೆ, ತುಪ್ಪದಲ್ಲೇ ಊಟ ಹೊಂದಿಸಬೇಕು. ತೂಗಿ ಮಾಡುವ ಹಳೇ ಪಥ್ಯವಾದರೆ ಬಟ್ಟಲಿಗೆ ಅಂಟಿದ ತುಪ್ಪವನ್ನೂ ಬಳಿದು ತಿನ್ನಿಸಬೇಕು, ಅದೂ ಲೆಕ್ಕಕ್ಕೆ ಸೇರಿದ್ದು.

ಸುಮ್ನೆ ಮನೆಯಲ್ಲೇ ಶುರು ಮಾಡುವ ಪಥ್ಯ ಇದಲ್ಲ. ಕೊಬ್ಬನ್ನು ಅರಗಿಸಲಾಗದ ಹುಟ್ಟುದೋಷವಿದ್ದರೆ ಮಗುವಿನ ಜೀವಕ್ಕೇ ಅಪಾಯ, ಮೊದಲೇ ಪರೀಕ್ಷೆ ಆಗಬೇಕು. ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆ ನಿಧಾನ ಆಗಬಹುದು. ಮಾತ್ರೆಯನ್ನೂ ತಾವಾಗಿ ನಿಲ್ಲಿಸುವಂತಿಲ್ಲ. ಜ್ವರಕ್ಕೆ ಕೊಡುವ ಸಿಹಿ ಸಿರಪ್‌ನಲ್ಲೂ ಸಕ್ಕರೆ ಇರುತ್ತದೆ, ಬಾಟಲಿ ತೆರೆಯುವ ಮೊದಲು ಡಯಟಿಷಿಯನ್‌ಗೊಂದು ಫೋನ್ ಮಾಡಬೇಕು.