ಒಳಲೆಗೆ ಹಿಡಿ ಯಾಕೆ?

ಲಂಡನ್‌ನಲ್ಲಿ ಹಳೆಯ ಬೆಳ್ಳಿ ಸಾಮಾನು ರಿಪೇರಿ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ಒಬ್ಬರು ಪುಟ್ಟ ಕ್ರೀಂ ಜಗ್ ತಂದರು. ಮೂರು ಕಾಲು, ಸುರುಳಿ ಹಿಡಿ. ಒಂದು ಕಾಲು ಅಲ್ಲಾಡುತ್ತಿದೆ, ಬೆಸೆದು ಕೊಡಿ ಎಂದರು.

ನಾನು ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟೆ. ಮಂಜು ಕಟ್ಟಿದಾಗ ಬೆಸುಗೆಯ ಜಾಗ ಬೇರೆಯಾಗಿ ಕಾಣುತ್ತದೆ. ಹಿಡಿ, ಕಾಲು ಎಲ್ಲ ಆಮೇಲೆ ಅಂಟಿಸಿದ್ದು. ಮೂಲದಲ್ಲಿ ಅದು ಪ್ಯಾಪ್ ಬೋಟ್.

ಇಂಗ್ಲಿಷರ ಒಳಲೆ ಅನ್ನಿ. ಸುಮಾರು 4–5 ಇಂಚು ಉದ್ದ, ಒಂದು ಕಡೆ ಚಾಚಿದ ಮೂತಿ. ಹಿಡಿ ಇಲ್ಲ, ಕಾಲಿಲ್ಲ, ಅಂಗೈಯಲ್ಲೇ ಕೂರುತ್ತದೆ. ಬ್ರೆಡ್ಡನ್ನೋ ಹಿಟ್ಟನ್ನೋ ಹಾಲಲ್ಲಿ, ನೀರಲ್ಲಿ ಬೇಯಿಸಿದ ಗಂಜಿಯೇ ಪ್ಯಾಪ್. 18ನೇ ಶತಮಾನದಲ್ಲಿ ಕೂಸಿಗೂ ಹಾಸಿಗೆ ಹಿಡಿದವರಿಗೂ ಇದರಲ್ಲೇ ಕುಡಿಸುತ್ತಿದ್ದರು. ಬಾಯಿ ಅಗಲ, ಆದ್ದರಿಂದ ತೊಳೆಯುವುದು ಸುಲಭ. 1770ರಲ್ಲಿ ಹ್ಯೂ ಸ್ಮಿತ್ ಎಂಬ ವೈದ್ಯರು ಕೂಸಿಗೆ ಹಾಲು ಕುಡಿಸಲು ಮಾಡಿದ ಬಬಿ ಪಾಟ್ ಎಂಬ ಪಾತ್ರೆಗೆ ಕೊಳವೆ ಮೂತಿ. ಅದರೊಳಗೆ ಹಾಲು ಹಳಸಿ ಕೂತರೆ ತೆಗೆಯೋದು ಹೇಗೆ? ಈ ಸರಳ ದೋಣಿಯೇ ಎಷ್ಟೋ ವಾಸಿ ಅಂತ ನನಗೆ ಅನ್ನಿಸುತ್ತದೆ.

19ನೇ ಶತಮಾನದಲ್ಲಿ ಗಾಜಿನ ಬಾಟಲಿ, ರಬ್ಬರ್ ನಿಪ್ಪಲ್ ಬಂದವು. ದೋಣಿಗಳು ಮೂಲೆ ಸೇರಿದವು. ಕೆಲವರು ಸಾಸ್ ಹಾಕಿದರು, ಕೆಲವರು ಮಿಠಾಯಿ ಇಟ್ಟರು, ಸಿಗರೇಟಿನ ಬೂದಿ ಕೊಡವಿದವರೂ ಇದ್ದಾರೆ. ಇದರಿಂದ ಪಾತ್ರೆಯ ರೂಪವೇನೂ ಕೆಡಲಿಲ್ಲ. ಕೆಡಿಸಿದ್ದು ಹಿಡಿ, ಕಾಲು ಬೆಸೆದವರು. ಕ್ರೀಂ ಜಗ್ ಎಂದರೆ ಕೊಳ್ಳುವವರು ಜಾಸ್ತಿ, ಅಲ್ವಾ?

ಬ್ರಿಟನ್ನಿನ 1973ರ ಹಾಲ್‌ಮಾರ್ಕ್ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಮುದ್ರೆ ಬಿದ್ದ ಬೆಳ್ಳಿಗೆ ಹೊಸ ಭಾಗ ಸೇರಿಸಬೇಕಾದರೆ, ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಪರೀಕ್ಷಾ ಕಚೇರಿಯ ಒಪ್ಪಿಗೆ ಬೇಕು. ಮುದ್ರೆ ಎಂದರೆ, ಪಾತ್ರೆಯ ತಳದಲ್ಲಿ ನಡೆಯುವ ಸಿಂಹದ ಚಿತ್ರ, ವರ್ಷ ಸೂಚಿಸುವ ಅಕ್ಷರ, 1784ರಿಂದ 1890ರವರೆಗಿನದಾದರೆ ಸಾಮಾನ್ಯವಾಗಿ ರಾಜನ ಅಥವಾ ರಾಣಿಯ ತಲೆ ಕಾಣುತ್ತದೆ. ಈ ಜಗ್ಗಿನ ಹಿಡಿಯ ಮೇಲೆ ಒಂದು ಗುರುತೂ ಇರಲಿಲ್ಲ. ಕಾಲೊಂದು ಮುದ್ರೆಯ ಮೇಲೆಯೇ ಕೂತು ಅರ್ಧ ಸಿಂಹವನ್ನು ನುಂಗಿತ್ತು. ನೋಡಿ ಹೊಟ್ಟೆ ಉರಿಯಿತು.

ನಾನು ಬೆಸೆಯಲಿಲ್ಲ. ಮಾರುವ ಯೋಚನೆ ಇದ್ದರೆ ಮೊದಲು ಗೋಲ್ಡ್‌ಸ್ಮಿತ್ಸ್ ಹಾಲ್‌ನ ಪರೀಕ್ಷಾ ಕಚೇರಿಗೆ ತೋರಿಸಿ ಎಂದೆ. ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಸಾಸ್ ಹಾಕಬಹುದಾ ಎಂದು ಕೇಳಿದರು. ಹಾಕಿ, ಆದರೆ ಊಟ ಮುಗಿದ ತಕ್ಷಣ ತೊಳೆದು ಒರೆಸಿ. ಉಪ್ಪು ರಾತ್ರಿಯಿಡೀ ನಿಂತರೆ ಬೆಳ್ಳಿಯಲ್ಲಿ ಕಪ್ಪು ಚುಕ್ಕೆ ಕೊರೆಯುತ್ತದೆ.