ಕಾರ್ನೆಲ್‌ನ ಏಳು ಹುಡುಗರು ಕಟ್ಟಿದ ಆಲ್ಫಾ ಚಾಪ್ಟರ್: ಓದು ಉಳಿಸ್ಕೊಳ್ಳೋಕೆ ಶುರುವಾಗಿದ್ದು ಕೋರ್ಟ್‌ವರೆಗೂ ಹೋಗಿದ್ದು ಹೇಗೆ

ಅಮೆರಿಕದ ಕಾಲೇಜು ಫ್ರೆಟರ್ನಿಟಿ (ಆಯ್ದ ಹುಡುಗರನ್ನಷ್ಟೇ ಸೇರಿಸ್ಕೊಳ್ಳೋ ವಿದ್ಯಾರ್ಥಿ ಸಂಘ) ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಪಾರ್ಟಿ, ಬಿಯರು, ಗಲಾಟೆ. ಬ್ಲ್ಯಾಕ್ ವಿದ್ಯಾರ್ಥಿಗಳು ಕಟ್ಕೊಂಡ ಫ್ರೆಟರ್ನಿಟಿಗಳ ಕಥೆ ಶುರುವಾಗೋದೇ ಬೇರೆ ಕಡೆಯಿಂದ. ಕಾಲೇಜು ಹುಡುಗರು ಕಟ್ಟಿ ಇವತ್ತಿಗೂ ಉಳಿದಿರೋ ಇಂಥ ಫ್ರೆಟರ್ನಿಟಿಗಳಲ್ಲಿ ಅತಿ ಹಳೇದು ಆಲ್ಫಾ ಫೈ ಆಲ್ಫಾ, ಅದರ ಮೊದಲ ಶಾಖೆ ಅಂದ್ರೆ ಆಲ್ಫಾ ಚಾಪ್ಟರ್ ಇರೋದು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ಯೂನಿವರ್ಸಿಟಿಯಲ್ಲಿ.

1904-05ರಲ್ಲಿ ಕಾರ್ನೆಲ್‌ನಲ್ಲಿ ಓದ್ತಿದ್ದ ಬ್ಲ್ಯಾಕ್ ವಿದ್ಯಾರ್ಥಿಗಳಲ್ಲಿ ಆರು ಜನ ಮುಂದಿನ ವರ್ಷ ವಾಪಸ್ ಬರಲೇ ಇಲ್ಲ. ಇದ್ದಿದ್ದೇ ಬೆರಳೆಣಿಕೆ ಜನ, ಅದರಲ್ಲಿ ಆರು ಅಂದ್ರೆ ಲೆಕ್ಕ ಹಾಕ್ಕೊಳಿ. ಅಡ್ಮಿಷನ್ ಸಿಕ್ತಿತ್ತು, ಆದ್ರೆ ಸಿಕ್ಕಮೇಲೆ ಇರೋಕೆ ಜಾಗ, ಜೊತೆಗೆ ಕೂತು ಓದೋರು, ಕಷ್ಟ ಅಂದ್ರೆ ಕೇಳೋರು ಯಾರೂ ಇಲ್ಲ, ಬಹಳಷ್ಟು ಹುಡುಗರು ಊರಿನ ಬ್ಲ್ಯಾಕ್ ಕುಟುಂಬಗಳ ಮನೇಲಿ ರೂಮ್ ಮಾಡ್ಕೊಂಡಿರ್ತಿದ್ರು. ಬಿಳಿಯರ ಫ್ರೆಟರ್ನಿಟಿ ಮನೆಗಳಲ್ಲಿ ಇದೆಲ್ಲಾ ಸಲೀಸಾಗಿ ಸಿಗ್ತಿತ್ತು, ಆದ್ರೆ ಅಲ್ಲಿ ಇವರಿಗೆ ಸದಸ್ಯತ್ವ ಇಲ್ಲ. ತಮಾಷೆ ಅಂದ್ರೆ ಕೆಲಸಕ್ಕೆ ಮಾತ್ರ ಬಾಗಿಲು ತೆರೆದಿತ್ತು, ಓದಿನ ಖರ್ಚಿಗೆ ಅಂತ ಅದೇ ಮನೆಗಳಲ್ಲಿ ದುಡೀತಿದ್ದವರಿಗೆ ಒಳಗಿನ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಹತ್ತಿರದಿಂದ ಗೊತ್ತಾಯ್ತು.

ಮೊದಲು ಮಾಡಿದ್ದು ಒಂದು ಸಾಹಿತ್ಯ ಕೂಟ, ಒಟ್ಟಿಗೆ ಸೇರಿ ಓದೋದು, ಚರ್ಚೆ ಮಾಡೋದು, ಅಷ್ಟೇ. ಇದನ್ನ ಫ್ರೆಟರ್ನಿಟಿ ಮಾಡಬೇಕಾ ಬೇಡ್ವಾ ಅಂತ ಆಮೇಲೆ ಒಳಗೇ ಜಟಾಪಟಿ ಶುರುವಾಯ್ತು. ಕೂಟದ ಮುಂದಾಳು ಪಾಯಿಂಡೆಕ್ಸ್‌ಟರ್‌ಗೆ ಇದು ಇಷ್ಟ ಇರಲಿಲ್ಲ, ಕೊನೆಗೆ ಅವರು ಹೊರಗೆ ಹೋದ್ರು. ಅವರ ಅನುಮಾನವನ್ನ ಸುಮ್ನೆ ತಳ್ಳಿಹಾಕೋಕಾಗಲ್ಲ, ಆಯ್ದ ಕೆಲವರೇ ಸೇರೋ ಗುಂಪು ಅಂದಮೇಲೆ ಉಳಿದವರ ಗತಿ ಏನು ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಅಂತೂ 1906ರ ಡಿಸೆಂಬರ್ 4ನ್ನೇ ಸ್ಥಾಪನೆ ದಿನ ಅಂತಾರೆ. ಕ್ಯಾಲಿಸ್, ಚಾಪ್ಮನ್, ಜೋನ್ಸ್, ಕೆಲ್ಲಿ, ಮರ್ರಿ, ಓಗಲ್, ಟ್ಯಾಂಡಿ, ಈ ಏಳು ಜನರನ್ನ ಸದಸ್ಯರು ಇವತ್ತಿಗೂ ಏಳು ರತ್ನಗಳು ಅಂತಲೇ ಕರೆಯೋದು. ಆಮೇಲೆ ಕ್ಯಾಲಿಸ್ ಡಾಕ್ಟರ್ ಆದ್ರು, ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತ ಮೊದಲ ಬ್ಲ್ಯಾಕ್ ಆರ್ಕಿಟೆಕ್ಟ್ ಆದ್ರು, ಜೋನ್ಸ್ ಬ್ಲ್ಯಾಕ್ ಜನರ ಹಕ್ಕು, ಉದ್ಯೋಗಕ್ಕಾಗಿ ದುಡಿಯೋ ನ್ಯಾಷನಲ್ ಅರ್ಬನ್ ಲೀಗ್ ಅನ್ನೋ ಸಂಸ್ಥೆಯನ್ನ ವರ್ಷಾನುಗಟ್ಟಲೆ ನಡೆಸಿದ್ರು.

1907ರಲ್ಲೇ ವಾಷಿಂಗ್ಟನ್‌ನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಎರಡನೇ ಚಾಪ್ಟರ್ ಬಂತು. 1911ರಲ್ಲಿ ಲೂಯಿವಿಲ್‌ನಲ್ಲಿ ಡಿಗ್ರಿ ಮುಗಿಸಿದವರಿಗೇ ಅಂತ ಒಂದು ಚಾಪ್ಟರ್ ಆಯ್ತು, ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದ ತಿರುವು ಇದೇ, ಯಾಕಂದ್ರೆ ಕಾಲೇಜು ಸಂಘ ಅಂದ್ರೆ ನಾಲ್ಕು ವರ್ಷಕ್ಕೆ ಮುಗೀತು, ಇಲ್ಲಿ ಹಾಗಲ್ಲ, ಲಾಯರು, ಡಾಕ್ಟರು, ಮೇಷ್ಟ್ರು ಆದಮೇಲೂ ಸದಸ್ಯತ್ವ ಮುಂದುವರೀತು, ಹಾಗಾಗಿ ಸಂಘಕ್ಕೆ ದುಡ್ಡೂ ಬಂತು ಅನುಭವವೂ ಬಂತು. ಸೇವೆ ಕಾರ್ಯಕ್ರಮಗಳು ದೊಡ್ಡದಾಗಿದ್ದೂ ಈ ಬಲದಿಂದಲೇ. ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ ಅನ್ನೋ ಅಭಿಯಾನ ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಶುರುವಾಯ್ತು, 1930ರ ದಶಕದಲ್ಲಿ ಮತ ಇಲ್ಲದ ಜನಕ್ಕೆ ಭರವಸೆಯೂ ಇಲ್ಲ ಅನ್ನೋ ಘೋಷಣೆ ಇಟ್ಕೊಂಡು ವೋಟರ್ ನೋಂದಣಿ. ಎರಡೂ ಈಗಲೂ ನಡೀತಿವೆ.

ಇನ್ನು ಕೋರ್ಟ್ ವಿಷ್ಯ. ಮೇರಿಲ್ಯಾಂಡ್ ಯೂನಿವರ್ಸಿಟಿ ಲಾ ಸ್ಕೂಲು ಡೊನಾಲ್ಡ್ ಗೇನ್ಸ್ ಮರ್ರಿ ಅನ್ನೋ ಹುಡುಗನಿಗೆ ಬಣ್ಣದ ಕಾರಣಕ್ಕೆ ಸೀಟ್ ಕೊಡಲಿಲ್ಲ. ಈ ಮರ್ರಿಯೂ (ಏಳು ರತ್ನಗಳಲ್ಲಿದ್ದ ಮರ್ರಿ ಅಲ್ಲ, ಬೇರೆಯವನು) ಆಲ್ಫಾ ಸದಸ್ಯ, ಅವನ ಪರ ವಾದ ಮಾಡಿದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್, ಥರ್ಗುಡ್ ಮಾರ್ಷಲ್ ಕೂಡ ಆಲ್ಫಾ ಸದಸ್ಯರೇ. 1935ರಲ್ಲಿ ಬಾಲ್ಟಿಮೋರ್ ಕೋರ್ಟ್ ಸೀಟ್ ಕೊಡಿ ಅಂತು, 1936ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡೀತು. 1950ರ ಹೆಂಡರ್ಸನ್ ಕೇಸಲ್ಲಿ ರೈಲಿನ ಊಟದ ಬೋಗಿಯಲ್ಲಿ ಬ್ಲ್ಯಾಕ್ ಪ್ರಯಾಣಿಕರನ್ನ ಬೇರೆ ಕೂರಿಸೋದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳ್ತು, ಅದನ್ನ ನಡೆಸಿದ ಬೆಲ್ಫೋರ್ಡ್ ಲಾಸನ್ ಕೂಡ ಇದೇ ಬಳಗದವರು.

ಹಾಗಂತ ಎಲ್ಲಾ ಹೊಗಳೋ ಹಾಗಿಲ್ಲ. ಹೊಸಬರನ್ನ ಸೇರಿಸ್ಕೊಳ್ಳೋ ನೆಪದಲ್ಲಿ ಹೊಡೆಯೋದು, ಹಿಂಸೆ ಕೊಡೋದು ಈ ಫ್ರೆಟರ್ನಿಟಿಗಳಿಗೂ ಅಂಟಿದ ರೋಗ. ಬ್ಲ್ಯಾಕ್ ಫ್ರೆಟರ್ನಿಟಿ, ಸೊರೊರಿಟಿಗಳ (ಹುಡುಗಿಯರ ಇಂಥದ್ದೇ ಸಂಘಗಳ) ಒಕ್ಕೂಟ 1990ರಲ್ಲಿ ಹಳೇ ಪ್ಲೆಜಿಂಗ್ ಪದ್ಧತಿಯನ್ನೇ, ಅಂದ್ರೆ ಸದಸ್ಯತ್ವಕ್ಕೆ ಮುಂಚೆ ಹೊಸಬರನ್ನ ಪರೀಕ್ಷೆಗೆ ಒಡ್ಡೋ ಅವಧಿಯನ್ನೇ ನಿಲ್ಲಿಸ್ತು, ಕದ್ದುಮುಚ್ಚಿ ನಡೆಯೋದು ಮಾತ್ರ ಪೂರ್ತಿ ನಿಂತಿಲ್ಲ. ಸೇವೆ ಸೇವೆ ಅಂತ ಹೇಳೋ ಸಂಘಕ್ಕೆ ಇದಕ್ಕಿಂತ ಮುಜುಗರ ಇನ್ನೇನಿದೆ.

ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ ಬಾಸ್ಟನ್‌ನಲ್ಲಿ ಓದ್ತಿದ್ದಾಗ ಆಲ್ಫಾ ಸೇರಿದ್ದವರು. ವಾಷಿಂಗ್ಟನ್‌ನಲ್ಲಿ ಅವರ ಸ್ಮಾರಕ ಆಗಬೇಕು ಅಂತ 1984ರಲ್ಲಿ ಪ್ರಸ್ತಾಪ ತಂದಿದ್ದೂ ಇದೇ ಫ್ರೆಟರ್ನಿಟಿ ಸದಸ್ಯರು, 1996ರಲ್ಲಿ ಸಂಸತ್ತು ಒಪ್ಪಿಗೆ ಕೊಡ್ತು, ಆಮೇಲೆ ದುಡ್ಡು ಕೂಡಿಸೋದ್ರಲ್ಲೇ ವರ್ಷಗಳು ಹೋದ್ವು. ಉದ್ಘಾಟನೆ 2011ರ ಆಗಸ್ಟ್ 28ಕ್ಕೆ ಅಂತ ಇತ್ತು, ಐರಿನ್ ಚಂಡಮಾರುತ ಬಂದು ಮುಂದೆ ಹೋಯ್ತು, ಕೊನೆಗೆ ನಡೆದಿದ್ದು ಅಕ್ಟೋಬರ್ 16ಕ್ಕೆ.